ಮಿಸ್ಟರ್ ಕ್ಲೈವ್ ಈ ವರ್ಷ ಎದುರು ಮನೆಯಲ್ಲಿ

ಮೇ 30, 1959, ಶನಿವಾರ

ಬೆಳಿಗ್ಗೆ ಅಂಗಡಿಯಲ್ಲಿ ಹಂದಿಮಾಂಸ ಕೊಚ್ಚುತ್ತಿದ್ದೆ. ಗ್ಯಾರೇಜಿನ ಲುಸಿಯೆಂ ಒಳಗೆ ಬಂದವನೇ ಟೋಪಿ ಕೂಡ ತೆಗೆಯದೆ ಹೇಳಿಬಿಟ್ಟ: "ಮೊರಿಸೆತ್ ಅಮ್ಮಾ, ಈ ಸಲ ಮಿಸ್ಟರ್ ಕ್ಲೈವ್ ನಿಮ್ಮನೇಲಿ ಇಳಿಯಲ್ವಂತೆ. ಎದುರು ಮನೇಲಿ ಇಳೀತಾರಂತೆ."

ಎದುರು ಮನೆ ಅಂದರೆ ನನ್ನ ಮೈದುನ ರೆಮಿಯ ಮನೆ. ಅಂದರೆ ಸಮುದ್ರತೀರದ ಸೀಮೆಯಿಂದ ಬಂದ ಆ ಬ್ರೆತಾನಿನವಳ ಮನೆ. ನನ್ನ ಓರಗಿತ್ತಿ!

"ಯಾಕಂತೆ?" ಎಂದೆ. ಕತ್ತಿ ಕೈಯಲ್ಲೇ ಇತ್ತು.

"ಅವರ ಮನೇಲಿ ಹೊಸಾ ಬಾತ್‌ರೂಮ್ ಆಗಿದೆಯಲ್ಲ. ನಲ್ಲಿ ತಿರುಗಿಸಿದ್ರೆ ಬಿಸಿನೀರು. ಅವರ ತಂಡದ ಮ್ಯಾನೇಜರ್ ಪಾಲ್ಮರ್ ಈಸ್ಟರ್ ಹೊತ್ತಿಗೆ ಬಂದಿದ್ರು ನೋಡಿ, ಆಗಲೇ ಕಣ್ಣು ಹಾಕಿ ಹೋಗಿದ್ರು. ನನಗೆ ಯಾಕೆ ಕತ್ತಿ ತೋರಿಸ್ತೀರಿ? ನಾನು ಬರೀ ಸುದ್ದಿ ತಂದೋನು."

ಒಂಬತ್ತು ವರ್ಷ ಆ ಹುಡುಗ ನನ್ನ ಮನೆಯಲ್ಲಿ ಇಳಿದಿದ್ದಾನೆ. ಹುಡುಗ ಅನ್ನುತ್ತೇನೆ, ಈಗ ಮೂವತ್ತೆಂಟು ದಾಟಿದೆ. ಜೂನ್ ಬಂತೆಂದರೆ ಇಪ್ಪತ್ತನಾಲ್ಕು ಗಂಟೆಯ ಕಾರು ಓಟಕ್ಕೆ ಇಂಗ್ಲೆಂಡಿನಿಂದ ಆ ಸಣ್ಣ ತಂಡ ನಮ್ಮ ವೆರ್ನೆಗೆ ಬರುತ್ತದೆ. ಕಾರುಗಳು ಲುಸಿಯೆಂನ ಗ್ಯಾರೇಜಿನಲ್ಲಿ, ಮೆಕ್ಯಾನಿಕ್‌ಗಳು ಅವನ ಅಟ್ಟದಲ್ಲಿ, ಮಿಸ್ಟರ್ ಕ್ಲೈವ್ ನನ್ನ ಮನೆಯ ಹಿಂದಿನ ಕೋಣೆಯಲ್ಲಿ. ಅಡುಗೆಮನೆಯ ತಗಡಿನ ತೊಟ್ಟಿಯಲ್ಲಿ ಕೂತು ಮೈ ತೊಳೆದುಕೊಂಡು ಹಾಡು ಹೇಳುತ್ತಿದ್ದ. ಯಾವತ್ತೂ ಬಿಸಿನೀರಿಗೆ ನಲ್ಲಿ ಬೇಕು ಅನ್ನಲಿಲ್ಲ.

ನನ್ನ ಗಂಡ ಅಷಿಲ್‌ಗೆ ಹೇಳಿದರೆ, "ಒಳ್ಳೇದೇ ಆಯ್ತು ಬಿಡು, ಈ ವರ್ಷ ನೀನು ಆರಾಮಾಗಿ ಓಟ ನೋಡು" ಎಂದರು. ಗಂಡಸರಿಗೆ ತಲೆಯಲ್ಲಿ ಏನು ತುಂಬಿರುತ್ತದೋ ದೇವರಿಗೇ ಗೊತ್ತು.

ಮೇ 31, ಭಾನುವಾರ

ಚರ್ಚಿನಲ್ಲಿ ಆ ಬ್ರೆತಾನಿನವಳು ನನ್ನ ಮುಂದಿನ ಬೆಂಚಿನಲ್ಲಿ ಕೂತಿದ್ದಳು. ಹೊಸ ಟೋಪಿ. ಹೊರಗೆ ಬಂದ ಮೇಲೆ ಹೆಂಗಸರೆಲ್ಲ ಅವಳ ಸುತ್ತ. "ಟವೆಲ್ ಎಷ್ಟು ಇಟ್ಟಿದೀಯಾ? ಇಂಗ್ಲಿಷರು ಚಹಾ ಎಷ್ಟು ಹೊತ್ತಿಗೆ ಕುಡೀತಾರೆ?" ಮೂರು ವರ್ಷ ಅವಳ ಕಡೆ ತಿರುಗಿ ನೋಡದ ಅಂಚೆಯವನ ಹೆಂಡತಿ ಕೂಡ ತೋಳು ಹಿಡಿದುಕೊಂಡು ಮಾತಾಡುತ್ತಿದ್ದಳು.

ನನ್ನನ್ನು ಕಂಡು ಅವಳು ಓಡಿಬಂದಳು. "ಅಕ್ಕಾ, ನಿಮಗೆ ಬೇಜಾರಾಗಿಲ್ಲ ತಾನೆ?"

"ಬೇಜಾರಾ? ನನಗೆ? ಒಂಬತ್ತು ವರ್ಷ ಹಾಸಿಗೆ ಹಾಸಿ ಸೊಂಟ ಹೋಗಿದೆ ಕಣೇ. ನೀನೇ ಕಾಪಾಡಿದೆ."

ನಗುತ್ತಲೇ ಹೇಳಿದೆ. ಮನೆಗೆ ಬಂದು ಒಂದು ತಟ್ಟೆ ಒಡೆದೆ. ಕೈಜಾರಿ ಬಿತ್ತು ಎಂದು ಅಷಿಲ್‌ಗೆ ಹೇಳಿದೆ.

ಜೂನ್ 4, ಗುರುವಾರ

ಬೇಡ ಬೇಡವೆಂದರೂ ಅದೇ ಯೋಚನೆ. ಈ ಓಟದ ಮೇಲೆ ಅವಳಿಗೇನು ಹಕ್ಕು? ಅವಳು ವೆರ್ನೆಗೆ ಸೊಸೆಯಾಗಿ ಬಂದದ್ದೇ ಐವತ್ತಾರರಲ್ಲಿ. ನಾನು ಹುಟ್ಟಿದ್ದು ಇಲ್ಲಿ. ಮೊದಲ ಓಟ ನಡೆದಾಗ ನನಗೆ ಹದಿನೈದು. ರಸ್ತೆ ಅಂದರೆ ಬರೀ ಜಲ್ಲಿ, ಧೂಳು. ಓಟ ಶುರುವಾಗುವ ಹೊತ್ತಿಗೆ ಆಲಿಕಲ್ಲು ಬಿದ್ದು, ಆಮೇಲೆ ಮಳೆ ಹೊಡೆದು, ಕಾರುಗಳೆಲ್ಲ ಕೆಸರಿನ ಮುದ್ದೆಯಾಗಿ ಬರುತ್ತಿದ್ದವು. ಯಾವ ಕಾರು ಯಾರದ್ದು ಅಂತಲೇ ಗೊತ್ತಾಗುತ್ತಿರಲಿಲ್ಲ. ಹುಚ್ಚರ ಆಟ, ಮುಂದಿನ ವರ್ಷ ಇದನ್ನು ಯಾರೂ ನಡೆಸುವುದಿಲ್ಲ ಎಂದು ಅಮ್ಮ ಹೇಳಿದ್ದಳು. ಚಾಲಕರು ರಸ್ತೆಗೆ ಅಡ್ಡಲಾಗಿ ಓಡಿ ಕಾರು ಹತ್ತುವ ಪದ್ಧತಿ ಶುರುವಾದ ವರ್ಷವೇ ಅಷಿಲ್ ನನ್ನನ್ನು ಮದುವೆಗೆ ಕೇಳಿದ್ದು. ಮೂವತ್ತಾರರಲ್ಲಿ ಮುಷ್ಕರದಿಂದ ಓಟ ನಿಂತಾಗ ಊರಿಗೆ ಸಾವಿನ ಕಳೆ. ಆಮೇಲೆ ಯುದ್ಧ. ಜರ್ಮನರು ಬಂದು ಕೂತರು, ಓಟದ ರಸ್ತೆಯಲ್ಲಿ ಹುಲ್ಲು ಬೆಳೆಯಿತು. ನಲವತ್ತೊಂಬತ್ತರಲ್ಲಿ ಮತ್ತೆ ಓಟ ಶುರುಮಾಡುವ ಬಾವುಟ ಬಿದ್ದಾಗ ದಿಬ್ಬದ ಮೇಲೆ ನಿಂತ ಮುದುಕರೆಲ್ಲ ಮಕ್ಕಳ ಹಾಗೆ ಅತ್ತರು. ನಾನೂ ಅತ್ತೆ.

ನಮ್ಮಪ್ಪ ಓಟದ ಉದ್ದ ರಸ್ತೆ ಮುಗಿಯುವ ಮುಲ್ಸಾನ್ ತಿರುವಿನಲ್ಲಿ ಚಾಲಕರನ್ನು ಎಚ್ಚರಿಸುವ ಬಾವುಟ ಹಿಡಿಯುತ್ತಿದ್ದ. ಊಟಕ್ಕೆ ಕೂತಾಗಲೆಲ್ಲ ಅವನ ಪಾಠ ಒಂದೇ: ದಾರಿಯಲ್ಲಿ ಕೆಟ್ಟು ನಿಂತ ಕಾರನ್ನು ಚಾಲಕ ಒಬ್ಬನೇ, ತನ್ನ ಕೈಯಿಂದಲೇ ಸರಿಮಾಡಿಕೊಳ್ಳಬೇಕು. ಹೊರಗಿನವರು ಒಂದು ಮೊಳೆ ಕೊಟ್ಟರೂ ಕಾರು ಓಟದಿಂದ ಹೊರಗೆ. ಇದು ವೆರ್ನೆಯ ಮಗುವಿಗೂ ಗೊತ್ತು. ಆ ಬ್ರೆತಾನಿನವಳಿಗೆ ಮೀನು ಬಿಟ್ಟರೆ ಇನ್ನೇನು ಗೊತ್ತು?

ಐವತ್ತೈದರ ಆ ಶನಿವಾರ ಅವಳೆಲ್ಲಿದ್ದಳು? ಕಾರು ಜನರ ಮೇಲೆ ಹಾರಿ ಎಂಬತ್ತಕ್ಕೂ ಹೆಚ್ಚು ಮಂದಿ ಸತ್ತರಲ್ಲ, ಆಗ? ಓಟ ಮುಗಿದ ಭಾನುವಾರ ಮಿಸ್ಟರ್ ಕ್ಲೈವ್ ಬಂದು ನನ್ನ ಅಡುಗೆಮನೆಯ ಮೇಜಿನ ಮೇಲೆ ತಲೆಯಿಟ್ಟು ಅತ್ತ. ಸೂಪು ಆರಿಹೋಗುವವರೆಗೂ ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ನಿಂತವಳು ನಾನು. ನನಗೆ ಮಕ್ಕಳಿಲ್ಲ. ಆವತ್ತು ಒಬ್ಬ ಮಗ ಇದ್ದಾನೆ ಅನ್ನಿಸಿತ್ತು.

ಅದನ್ನು ಅವಳು ನಲ್ಲಿ ತಿರುಗಿಸಿ ಕಿತ್ತುಕೊಂಡಳು.

ಜೂನ್ 9, ಮಂಗಳವಾರ

ಅವಳು ಬುಟ್ಟಿ ತುಂಬ ಸ್ಟ್ರಾಬೆರಿ ತಂದಳು. ಲಂಚ ಎಂದು ಆಗಲೇ ಗೊತ್ತಾಯಿತು.

"ಅಕ್ಕಾ, ಮಿಸ್ಟರ್ ಕ್ಲೈವ್‌ಗೆ ಊಟಕ್ಕೆ ಏನಿಷ್ಟ? ನನಗೇನೂ ಗೊತ್ತಿಲ್ಲ. ನೀವು ಹೇಳಿದ ಹಾಗೆ ಮಾಡ್ತೀನಿ."

ನನ್ನ ಬಾಯಿಂದ ಅದು ಹೇಗೆ ಬಂತೋ, ಸರಾಗವಾಗಿ ಬಂತು. "ಕರುಳಿನ ಸಾಸೇಜ್. ಅದು ಅಂದ್ರೆ ಪ್ರಾಣ. ಮೊದಲ ದಿನವೇ ಬಡಿಸು. ಬಡಿಸದೆ ಇದ್ದರೆ ಮುಖ ಊದಿಸ್ಕೊಂಡು ಕೂತ್ಕೋತಾನೆ."

ನಿಜ ಏನೆಂದರೆ, ಐವತ್ತೆರಡರಲ್ಲಿ ನಾನು ಅದನ್ನು ಬಡಿಸಿದಾಗ ಅವನು ತಿಂದ ಹಾಗೆ ನಟಿಸಿ ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡಿದ್ದ. ನಮ್ಮ ನಾಯಿ ಆ ಕರ್ಚೀಫನ್ನು ಊರೆಲ್ಲ ಎಳೆದಾಡಿತ್ತು.

ಅವಳ ಮುಖ ಅರಳಿತು. "ಅಯ್ಯೋ, ಅಷ್ಟೇನಾ! ನಮ್ಮಮ್ಮನ ಊರೇ ಅದಕ್ಕೆ ಹೆಸರುವಾಸಿ. ಇವತ್ತೇ ತರಿಸ್ತೀನಿ." ನನ್ನ ಕೆನ್ನೆಗೆ ಮುತ್ತು ಕೊಟ್ಟು ಓಡಿದಳು.

ಸ್ಟ್ರಾಬೆರಿ ಸಿಹಿಯಾಗಿದ್ದವು. ಎಲ್ಲ ನಾನೇ ತಿಂದೆ.

ಜೂನ್ 15, ಸೋಮವಾರ

ಬಂದರು. ಮಧ್ಯಾಹ್ನ ಬೀದಿಯ ಕೊನೆಯಲ್ಲಿ ಎಂಜಿನ್ ಸದ್ದು ಕೇಳಿದ್ದೇ ತಡ, ಏಪ್ರನ್ ಬಿಚ್ಚಿ ಬಾಗಿಲಿಗೆ ಬಂದೆ. ಹಸಿರು ಕಾರು, ಪುಟ್ಟದು, ಜೀರುಂಡೆಯಷ್ಟು. ಈ ಕಾರನ್ನು ಅವನು ಜೊತೆಗಾರನೊಂದಿಗೆ ಸರದಿಯಲ್ಲಿ ಇಪ್ಪತ್ತನಾಲ್ಕು ಗಂಟೆ ಓಡಿಸುತ್ತಾನೆಂದರೆ ನನ್ನ ಬೆನ್ನು ನೋಯುತ್ತದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಓಟ ಮುಗಿಯುವ ಭಾನುವಾರದ ನಾಲ್ಕು ಗಂಟೆಯವರೆಗೆ ಅವನ ಕಾರು ಉಳಿದಿಲ್ಲ. ಒಂದು ವರ್ಷ ಗೇರು, ಒಂದು ವರ್ಷ ಎಣ್ಣೆ, ಒಂದು ವರ್ಷ ಬೆಂಕಿ.

ಅವನು ಇಳಿದು ಮೊದಲು ನನ್ನ ಹತ್ತಿರ ಬಂದ. ಇದನ್ನು ಬರೆದಿಡುತ್ತೇನೆ, ಮೊದಲು ನನ್ನ ಹತ್ತಿರ. ಎರಡು ಕೆನ್ನೆಗೂ ಮುತ್ತಿಟ್ಟು, ತನ್ನ ಮುರುಕು ಭಾಷೆಯಲ್ಲಿ, "ಮೊರಿಸೆತ್, ನಾನು ಬಹಳ ದುಃಖ. ಪಾಲ್ಮರ್ ಹೇಳ್ತಾನೆ, ನಾನು ಕೇಳ್ತೀನಿ" ಎಂದ. ಚಹಾದ ಡಬ್ಬಿ ಕೊಟ್ಟ.

ಆಮೇಲೆ ಪೆಟ್ಟಿಗೆ ಎತ್ತಿಕೊಂಡು ಬೀದಿ ದಾಟಿದ. ಅವಳು ಬಾಗಿಲಲ್ಲಿ ನಿಂತಿದ್ದಳು, ಮದುಮಗಳ ಹಾಗೆ ಕೆಂಪಾಗಿ. ನಾನು ಬಾಗಿಲು ಹಾಕಿಕೊಂಡೆ. ಹಾಕಿದ ಸದ್ದು ಸ್ವಲ್ಪ ಜೋರಾಯಿತು.

ಜೂನ್ 16, ಮಂಗಳವಾರ

ಎರಡನೇ ಸಲ ಹಾಕಿಸಿಕೊಂಡು ತಿಂದನಂತೆ!

ರೆಮಿ ಅಂಗಡಿಗೆ ಬಂದು ಹೇಳಿದ. "ಅತ್ತಿಗೆ, ನೀವು ಹೇಳಿಕೊಟ್ಟಿದ್ದು ಪುಣ್ಯ. ಅವಳು ತೆಳ್ಳಗೆ ಹೆಚ್ಚಿ, ಬೆಣ್ಣೆ ಹಾಕಿದ ಆಲೂಗಡ್ಡೆ ಜೊತೆ ಕೊಟ್ಲು. ಮಿಸ್ಟರ್ ಕ್ಲೈವ್ ತಟ್ಟೆ ನೆಕ್ಕಿಬಿಟ್ರು. ಅವಳಂತೂ ರಾತ್ರಿಯೆಲ್ಲ ನಿಮ್ಮ ಗುಣಗಾನ."

ಹಾಗಾದರೆ ನಾನು ಮಾಡಿದ್ದನ್ನು ಕರ್ಚೀಫಿನಲ್ಲಿ ಯಾಕೆ ಸುತ್ತಿದ?

ಇವತ್ತು ಇನ್ನೇನೂ ಬರೆಯುವುದಿಲ್ಲ.

ಜೂನ್ 17, ಬುಧವಾರ

ಪಾಸು ಅವಳಿಗೆ ಕೊಟ್ಟರು.

ಐವತ್ತೈದರ ಅನಾಹುತದ ನಂತರ, ಚಾಲಕರಿಗೆ ಹಲಗೆ ಹಿಡಿದು ಸುದ್ದಿ ತೋರಿಸುವ ಕಟ್ಟೆಯನ್ನು ಮುಲ್ಸಾನ್ ತಿರುವಿನಾಚೆಗೆ ಹಾಕಿದ್ದಾರೆ. ಆ ಕಟ್ಟೆಯ ಮೇಲೆ ನಿಂತ ಹುಡುಗರಿಗೆ ಸೂಪು, ಕಾಫಿ ಒಯ್ಯುವುದು ಮಿಸ್ಟರ್ ಕ್ಲೈವ್ ಇಳಿದ ಮನೆಯವಳ ಕೆಲಸ. ಅದಕ್ಕೆ ತಂಡದವರು ಒಂದು ಪಾಸು ಕೊಡುತ್ತಾರೆ, ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಳ್ಳುವುದು. ಇಷ್ಟು ವರ್ಷ ಅದು ನನ್ನ ಕೊರಳಲ್ಲಿತ್ತು. ಪೊಲೀಸಿನವರೂ ನನಗೆ ಸಲಾಮು ಹೊಡೆದು ದಾರಿ ಬಿಡುತ್ತಿದ್ದರು.

ಅವಳು ಅದನ್ನು ಹಾಕಿಕೊಂಡೇ ಬ್ರೆಡ್ ತರಲು ಹೋದಳು. ಓಟ ಇರುವುದು ಶನಿವಾರ! ಬೇಕರಿಯಲ್ಲಿ ಯಾರೋ, "ಅದನ್ನ ಹಾಕ್ಕೊಂಡೇ ಮಲಗ್ತೀಯಾ ಅನ್ನಿಕ್?" ಎಂದು ಕಿಚಾಯಿಸಿದರು. ಅವಳು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಹೊಟ್ಟೆಕಿಚ್ಚು ಅನ್ನುವುದು ಬರೀ ಮಾತು ಎಂದುಕೊಂಡಿದ್ದೆ. ಅಲ್ಲ, ನಿಜಕ್ಕೂ ಹೊಟ್ಟೆಯಲ್ಲೇ, ಇಲ್ಲೇ ಪಕ್ಕೆಲುಬಿನ ಕೆಳಗೆ ಉರಿಯುತ್ತದೆ. ಸೋಡಾ ಕುಡಿದರೂ ಇಳಿಯಲಿಲ್ಲ.

ಜೂನ್ 18, ಗುರುವಾರ

ಅವಳು ಬೆಳಿಗ್ಗೆ ಅಳುತ್ತಾ ಬಂದಳು. "ಅಕ್ಕಾ, ಅವರು ಹಾಸಿಗೆ ಬಿಟ್ಟು ನೆಲದ ಮೇಲೆ ಮಲಗಿದ್ದಾರೆ. ಕೇಳಿದ್ರೆ ಏನಿಲ್ಲ ಏನಿಲ್ಲ ಅಂತಾರೆ. ನಾನು ಎರಡು ಗರಿಯ ಹಾಸಿಗೆ ಹಾಕಿದ್ದೆ ಗೊತ್ತಾ!"

ನನಗೆ ನಗು ಬಂತು, ನಗಲಿಲ್ಲ. ಗರಿಯ ಹಾಸಿಗೆ! ಅವನ ಬೆನ್ನಿಗೆ ಅದು ವಿಷ. ಹಾಸಿಗೆಯ ಕೆಳಗೆ ಒಂದು ಹಳೆಯ ಬಾಗಿಲ ಹಲಗೆ ಹಾಕಬೇಕು, ಮೇಲೆ ಉಣ್ಣೆಯ ಹಾಸಿಗೆ ಒಂದೇ. ಇದನ್ನು ಕಂಡುಹಿಡಿಯಲು ನನಗೆ ಎರಡು ವರ್ಷ ಬೇಕಾಯಿತು. ಸುಮ್ಮನೆ ಇರಬೇಕೆಂದೇ ಇದ್ದೆ. ಆದರೆ ನಾಡಿದ್ದು ಓಟ, ಅವನ ಬೆನ್ನು ಅವಳ ಬೆನ್ನಲ್ಲವಲ್ಲ. ಅಷಿಲ್ ಮತ್ತು ರೆಮಿ ಹಲಗೆ ಹೊತ್ತು ಬೀದಿ ದಾಟಿದರು. ಹಾಸಿಗೆ ಹಾಸಲು ನಾನೇ ಹೋದೆ, ಅವಳಿಗೆ ಬರುವುದಿಲ್ಲ.

ಆ ಬಾತ್‌ರೂಮನ್ನೂ ನೋಡಿದೆ. ನಲ್ಲಿ ತಿರುಗಿಸಿದೆ. ಬಿಸಿನೀರು ಬಂತು, ಸುಳ್ಳು ಹೇಳುವುದಿಲ್ಲ.

ಕಾಫಿ ಕೊಟ್ಟಳು. ಕುಡಿಯುವಾಗ ತಾನಾಗಿಯೇ ಹೇಳಿದಳು: "ಮೂರು ವರ್ಷ ಈ ಊರಲ್ಲಿ ನನಗೆ ಹೆಸರೇ ಇರ್ಲಿಲ್ಲ ಅಕ್ಕಾ. ರೆಮಿ ಹೆಂಡತಿ, ಇಲ್ಲಾಂದ್ರೆ ಆ ಬ್ರೆತಾನಿನವಳು. ಮಿಸ್ಟರ್ ಕ್ಲೈವ್ ಬರ್ತಾರೆ ಅಂತ ಗೊತ್ತಾದ ಮೇಲೆ ನೋಡಿ, ಎಲ್ರೂ ಅನ್ನಿಕ್ ಅನ್ನಿಕ್ ಅಂತಾರೆ."

"ಪಾಸು ಬಿಚ್ಚಿಟ್ಟ ಮೇಲೆ ಮರೀತಾರೆ ಬಿಡು" ಎಂದೆ.

"ಗೊತ್ತು. ಅದಕ್ಕೇ ಬಿಚ್ಚಿಲ್ಲ" ಎಂದಳು.

ಇನ್ನೊಂದು ಲೋಟ ಕಾಫಿ ಕುಡಿದು ಬಂದೆ. ಅವಳ ಕಾಫಿ ನೀರು ನೀರು.

ಜೂನ್ 20, ಶನಿವಾರ

ಅನ್ನಿಕ್ ಬೆಳಿಗ್ಗೆ ಸೂಪಿನ ಡಬ್ಬಿ ಮುಚ್ಚುವುದು ಹೇಗೆಂದು ಕೇಳಲು ಬಂದಳು. ಬಟ್ಟೆ ಸುತ್ತದೆ ಒಯ್ದರೆ ದಾರಿಯಲ್ಲೇ ಆರಿಹೋಗುತ್ತಿತ್ತು. ಸುತ್ತಿಕೊಟ್ಟೆ, ಒಂದು ಡಬ್ಬಿ ರಿಯೆತ್ ಕೂಡ ಇಟ್ಟೆ. ಹಂದಿಮಾಂಸವನ್ನು ಗಂಟೆಗಟ್ಟಲೆ ಬೇಯಿಸಿ ನಾನು ಮಾಡುವ ರಿಯೆತ್‌ಗೆ ಊರಿನಲ್ಲಿ ಸಮ ಇಲ್ಲ. ಆ ಹುಡುಗರಿಗೆ ನನ್ನ ಕೈರುಚಿ ಮರೆಯಬಾರದು, ಅಷ್ಟೆ.

ನಾಲ್ಕು ಗಂಟೆಗೆ ಬಾವುಟ ಬಿತ್ತಂತೆ. ನಾನು ಮುಲ್ಸಾನ್ ದಿಬ್ಬದ ಮೇಲೆ ಎಲ್ಲರ ನಡುವೆ ಹುಲ್ಲಿನಲ್ಲಿ ಕೂತಿದ್ದೆ, ಪ್ರವಾಸಿಗಳ ಹಾಗೆ. ಕಟ್ಟೆಯ ಮೇಲೆ ಅವಳು ಕಾಣುತ್ತಿದ್ದಳು. ಮಿಸ್ಟರ್ ಕ್ಲೈವ್ ಪ್ರತಿ ಸುತ್ತಿನಲ್ಲೂ ಅವಳ ಕಡೆಗೇ ಕೈಯೆತ್ತುತ್ತಾನೆ ಎಂದು ನನಗೆ ಖಾತ್ರಿ. ಹಲಗೆ ನೋಡಿದ್ದೇನೆ ಎಂದು ಹುಡುಗರಿಗೆ ತಿಳಿಸಲು ಕೈಯೆತ್ತುವುದು ಅಂತ ಅಷಿಲ್ ಹೇಳಿದರು. ಅವರಿಗೇನು ಗೊತ್ತು?

ಜೂನ್ 21, ಭಾನುವಾರ, ಸಂಜೆ

ಇವತ್ತಿನದನ್ನೆಲ್ಲ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಓಟದ ಬಯಲಿನಲ್ಲೇ ಪೂಜೆ. ಪಾದ್ರಿಗಳ ಪ್ರಾರ್ಥನೆ ಒಂದು ಕಡೆ, ಎಂಜಿನ್‌ಗಳ ಗರ್ಜನೆ ಒಂದು ಕಡೆ. ಎಲ್ಲರೂ ತಲೆ ತಗ್ಗಿಸಿ ಏನೇನು ಬೇಡಿಕೊಂಡರೋ. ನಾನು ಬೇಡಿಕೊಂಡದ್ದನ್ನು ಬರೆಯಲೇಬೇಕು: ದೇವರೇ, ಅವನ ಕಾರು ನಿಲ್ಲಲಿ. ಅವನಿಗೆ ಏನೂ ಆಗದಿರಲಿ, ಕಾರು ಮಾತ್ರ ನಿಲ್ಲಲಿ. ನನ್ನ ಮನೆಯಲ್ಲಿ ಒಂಬತ್ತು ವರ್ಷ ಇದ್ದು ಮುಟ್ಟದ ನಾಲ್ಕು ಗಂಟೆಯನ್ನು ಅವಳ ಮನೆಯಲ್ಲಿ ಒಂದು ವಾರ ಇದ್ದು ಮುಟ್ಟಿಬಿಟ್ಟರೆ ಊರು ಏನನ್ನುತ್ತದೆ?

ದಿಬ್ಬಕ್ಕೆ ವಾಪಸು ಬಂದು ಬೇಲಿಯ ಪಕ್ಕ ನಿಂತೆವು. ಬಿಸಿಲು ಏರಿತ್ತು. ಹಸಿರು ಕಾರು ಉದ್ದ ರಸ್ತೆಯ ತುದಿಯಿಂದ ಬಂತು, ನಿಧಾನ ಆಗಬೇಕಾದಲ್ಲಿ ಆಗಲಿಲ್ಲ. ಚಕ್ರಗಳು ಕಿರುಚಿದವು. ತಿರುವಿನಲ್ಲಿ ತಿರುಗದೆ ನೇರ ಹೋಗಿ ಮರಳಿನ ದಿಬ್ಬಕ್ಕೆ ನುಗ್ಗಿ ಹೂತುಕೊಂಡಿತು.

ನಾನೇ ಬೇಡಿದ್ದು. ಇಷ್ಟು ಬೇಗ ಕೊಡಬೇಕೇ?

ಅವನು ಇಳಿದ. ಏಟಾಗಿರಲಿಲ್ಲ. ಕಾರಿನ ಸುತ್ತ ಒಮ್ಮೆ ನಡೆದು, ಮಂಡಿಯೂರಿ, ಬರಿಗೈಯಲ್ಲಿ ಮರಳು ಬಗೆಯತೊಡಗಿದ. ಬಾವುಟದವರು ಕೈಕಟ್ಟಿ ನಿಂತಿದ್ದರು, ಬೇರೆ ಏನೂ ಮಾಡುವ ಹಾಗಿಲ್ಲ. ಬಗೆದಷ್ಟೂ ಮರಳು ಕುಸಿಯುತ್ತಿತ್ತು. ಉಪಕರಣದ ಪೆಟ್ಟಿಗೆಯ ಮುಚ್ಚಳ ಕಿತ್ತು ಅದರಲ್ಲಿ ಎತ್ತಿಹಾಕಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅದೇ ಬೆನ್ನು. ಜನ ಕೂಗುತ್ತಿದ್ದರು: "ಇನ್ನೂ ಸ್ವಲ್ಪ! ಬಿಡಬೇಡ!"

ಆಗ ಅನ್ನಿಕ್ ಓಡಿಬಂದಳು. ಕಟ್ಟೆಯಿಂದ ಇಳಿದು, ಜನರನ್ನು ತಳ್ಳಿಕೊಂಡು, ಪಾಸು ಎದೆಯ ಮೇಲೆ ಕುಣಿಯುತ್ತಾ. ಟೆಂಟು ಹಾಕಿದ್ದವರ ಹತ್ತಿರ ಒಲೆಗುಂಡಿ ತೋಡಿದ ಸಲಿಕೆ ಬಿದ್ದಿತ್ತು. ಅದನ್ನು ಎತ್ತಿಕೊಂಡು ನೇರ ನನ್ನ ಪಕ್ಕಕ್ಕೇ ಬಂದು ಬೇಲಿಗೆ ಒಂದು ಕಾಲು ಹಾಕಿದಳು. "ಮಿಸ್ಟರ್ ಕ್ಲೈವ್! ತಗೊಳ್ಳಿ! ಇಲ್ಲಿ, ತಗೊಳ್ಳಿ!"

ನಾನು ಅವಳ ತೋಳನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆಳೆದೆ. ಇಬ್ಬರೂ ಬಿದ್ದೆವು. ಸಲಿಕೆ ಬೇಲಿಯ ಈಚೆಗೆ ಬಿತ್ತು.

"ಭೇಷ್ ಅಮ್ಮಾ!" ಬಾವುಟದವನು ಬೆವರು ಒರೆಸಿಕೊಂಡ. "ಆಯಮ್ಮ ಇನ್ನೊಂದು ಕಾಲು ಈ ಕಡೆ ಹಾಕಿದ್ರೆ ನಾನು ಕಾರನ್ನ ಹೊರಗೆ ಹಾಕ್ಬೇಕಾಗ್ತಿತ್ತು. ಯಾರ ಮಗಳು ನೀವು?"

ಅಷಿಲ್ ಎದೆಯುಬ್ಬಿಸಿ ಹೇಳಿದರು, ನಮ್ಮಪ್ಪನ ಹೆಸರು. "ಹಾಗನ್ನಿ! ರಕ್ತದಲ್ಲೇ ಬಂದಿದೆ" ಎಂದ ಅವನು. ಸುತ್ತ ಇದ್ದವರು ಚಪ್ಪಾಳೆ ತಟ್ಟಿದರು. ಅನ್ನಿಕ್ ಬಿಳಿಚಿಕೊಂಡು ಹುಲ್ಲಿನಲ್ಲೇ ಕೂತಿದ್ದಳು. ಯಾರೋ ಅವಳಿಗೆ ನಿಯಮ ಹೇಳಿದರು. ಅವಳು ಬಾಯಿಗೆ ಕೈಯಿಟ್ಟುಕೊಂಡಳು. ಆಮೇಲೆ ನನ್ನನ್ನು ತಬ್ಬಿಕೊಂಡು ಅತ್ತಳು. "ನಾನು ಎಂಥ ಕೆಲಸ ಮಾಡ್ತಿದ್ದೆ ಅಕ್ಕಾ, ಎಂಥ ಕೆಲಸ ಮಾಡ್ತಿದ್ದೆ!"

ಬಹಳ ಹೊತ್ತಿನ ಮೇಲೆ ಕಾರು ಹಿಂದಕ್ಕೆ ಜಾರಿ ರಸ್ತೆಗೆ ಬಂತು. ಜನ ಹುಚ್ಚೆದ್ದರು. ನಾಲ್ಕು ಗಂಟೆಗೆ ಮಿಸ್ಟರ್ ಕ್ಲೈವ್ ಗೆರೆ ದಾಟಿದ. ಉಳಿದಿದ್ದ ಕಾರುಗಳಲ್ಲಿ ಕೊನೆಯವನು, ಆದರೆ ದಾಟಿದ.

ಈಗ ನಿಜ ಬರೆಯುತ್ತೇನೆ, ಇಲ್ಲಿ ಮಾತ್ರ. ನನಗೆ ನಿಯಮ ನೆನಪಿರಲಿಲ್ಲ. ಅಪ್ಪ ನೆನಪಿರಲಿಲ್ಲ. ಅವಳು ಸಲಿಕೆ ಚಾಚಿದಾಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅವನಿಗೆ ಇವಳು ಕೊಡುವುದೇ? ನಾನು ಇಲ್ಲಿ ನಿಂತಿರುವಾಗ ಇವಳೇ? ಸಲಿಕೆಯನ್ನು ಕಿತ್ತುಕೊಂಡು ನಾನೇ ಬೇಲಿ ಹಾರುವವಳಿದ್ದೆ. ಕಾಲು ಜಾರಿ ಬಿದ್ದದ್ದಕ್ಕೆ ಹಾರಲಿಲ್ಲ. ಬಾವುಟದವನು ಭೇಷ್ ಅಂದ ಮೇಲೆಯೇ ನನಗೆ ನಿಯಮ ನೆನಪಾದದ್ದು.

ಜೂನ್ 22, ಸೋಮವಾರ

ಮಧ್ಯಾಹ್ನ ಗ್ಯಾರೇಜಿನಲ್ಲಿ ತಂಡದವರ ಊಟ. ಊರೆಲ್ಲ ಇತ್ತು. ಲುಸಿಯೆಂ ಮೂರು ಸಲ ಕಥೆ ಹೇಳಿದ, ಪ್ರತಿ ಸಲವೂ ಬೇಲಿ ಎತ್ತರವಾಗುತ್ತಿತ್ತು, ನಾನು ಇನ್ನಷ್ಟು ಗಟ್ಟಿಗಿತ್ತಿಯಾಗುತ್ತಿದ್ದೆ. ಪಾಲ್ಮರ್ ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ತಂಡದ ಮರ್ಯಾದೆ ಉಳಿಸಿದ ತಾಯಿ ಎಂದು ನನ್ನನ್ನು ಕರೆದ. ಮುಂದಿನ ವರ್ಷದಿಂದ ಮಿಸ್ಟರ್ ಕ್ಲೈವ್ ಮೊರಿಸೆತ್ ಅಮ್ಮನವರ ಮನೆಯಲ್ಲೇ ಇಳಿಯುತ್ತಾರೆ, ಪಾಸೂ ಅವರಿಗೇ ಎಂದ. ಮಿಸ್ಟರ್ ಕ್ಲೈವ್ ಬಟ್ಟೆ ಸುತ್ತಿದ ಕೈಗಳಲ್ಲಿ ನನ್ನ ಮುಖ ಹಿಡಿದು ಹಣೆಗೆ ಮುತ್ತು ಕೊಟ್ಟ.

ನನಗೆ ಬೇಕಾದ್ದೆಲ್ಲ ಸಿಕ್ಕಿತು. ನಾನು ಆಗ ಏನು ಮಾಡಿದೆ ಗೊತ್ತೇ? ಅನ್ನಿಕ್‌ಳ ಮುಖ ಹುಡುಕಿದೆ. ಮೂರು ವಾರ ನನ್ನನ್ನು ಸುಟ್ಟದ್ದು ಅವಳನ್ನೂ ಒಂದು ಗಳಿಗೆ ಸುಡುವುದನ್ನು ನೋಡಬೇಕೆನಿಸಿತು. ಅವಳು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು. ತುಟಿ ಬಿಗಿಯಾಗಿರಲಿಲ್ಲ, ಕಣ್ಣು ಬೇರೆ ಕಡೆ ಇರಲಿಲ್ಲ. ಇಷ್ಟು ಸುಲಭವಾಗಿ ಬಿಟ್ಟುಕೊಡಲು ಒಬ್ಬಳಿಗೆ ಹೇಗಾಗುತ್ತದೆ? ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಎಲ್ಲಿ ಕಲಿತಳು ಇದನ್ನು? ಈಗ ನನಗೆ ಅದರ ಮೇಲೂ ಹೊಟ್ಟೆಕಿಚ್ಚು.

ಊಟ ಮುಗಿದು ಹೊರಗೆ ಬಂದಾಗ ಅಂಚೆಯವನ ಹೆಂಡತಿ ನನ್ನ ತೋಳು ಹಿಡಿದುಕೊಂಡಳು. "ಆ ಬ್ರೆತಾನಿನವಳು ಇನ್ನೇನು ಎಲ್ಲಾ ಹಾಳು ಮಾಡ್ತಿದ್ದಳಲ್ರೀ!"

"ಅವಳಿಗೊಂದು ಹೆಸರಿದೆ" ಎಂದೆ. ಯಾಕೆ ಅಷ್ಟು ಸಿಡುಕಿದೆನೋ ಗೊತ್ತಿಲ್ಲ. ಬಿಸಿಲಿಗೆ ಇರಬೇಕು.

ಜೂನ್ 23, ಮಂಗಳವಾರ

ತಂಡ ಹೊರಟಿತು. ಊರು ಖಾಲಿ. ನಿದ್ದೆ ಇಲ್ಲ.

ಜೂನ್ 25, ಗುರುವಾರ

ಎರಡು ದಿನದಿಂದ ಅನ್ನಿಕ್ ಬ್ರೆಡ್ಡಿಗೆ ಹೋಗುವುದನ್ನು ಕಿಟಕಿಯಿಂದ ನೋಡುತ್ತಿದ್ದೇನೆ. ಯಾರೂ ಅವಳ ಜೊತೆ ನಿಂತು ಮಾತಾಡುವುದಿಲ್ಲ. ಹೋಗುತ್ತಾಳೆ, ಬರುತ್ತಾಳೆ. ನಾನು ಬೀದಿಗಿಳಿದರೆ ಸಾಕು, ಎಲ್ಲರೂ ಸುತ್ತ ಸೇರುತ್ತಾರೆ, ಮತ್ತೆ ಅದೇ ಕಥೆ. ಇವತ್ತು ಬೇಕರಿಯವಳು ನನಗೆ ಒಂದು ಕೇಕು ಸುಮ್ಮನೆ ಕೊಟ್ಟಳು. ಅದನ್ನು ಕೈಯಲ್ಲಿ ಹಿಡಿದು ಬೀದಿಯ ನಡುವೆ ನಿಂತೆ. ಮನೆಯೊಳಗೆ ಒಯ್ಯಲಾಗಲಿಲ್ಲ. ಎದುರು ಮನೆಯ ಬಾಗಿಲು ತಟ್ಟಿದೆ.

ಅನ್ನಿಕ್ ಬೀನ್ಸ್ ಬಿಡಿಸುತ್ತಿದ್ದಳು. ಕೂರಿ ಎಂದಳು. ನಾನು ಕೂರಲಿಲ್ಲ.

"ನೋಡು, ಒಂದು ಮಾತು ಹೇಳಿ ಹೋಗ್ತೀನಿ. ಆವತ್ತು ನನಗೆ ಆ ನಿಯಮ ಗಿಯಮ ಏನೂ ನೆನಪಿರ್ಲಿಲ್ಲ. ಎಲ್ರೂ ಅಂತಾರಲ್ಲ, ಅದೆಲ್ಲ ಸುಳ್ಳು. ನಾನು ನಿನ್ನ ಎಳೆದಿದ್ದು ಕಾರಿಗೋಸ್ಕರ ಅಲ್ಲ."

ಅವಳು ಬೀನ್ಸಿನಿಂದ ಕಣ್ಣೆತ್ತಲಿಲ್ಲ. "ಗೊತ್ತು ಅಕ್ಕಾ."

"ಏನು ಗೊತ್ತು?"

ಅವಳು ರವಿಕೆಯ ತೋಳನ್ನು ಭುಜದವರೆಗೆ ಮಡಿಚಿದಳು. ಮೊಣಕೈಯ ಮೇಲೆ ನನ್ನ ಬೆರಳುಗಳು ನೀಲಿಗಟ್ಟಿದ್ದವು. ನಾಲ್ಕು ಕಡೆ ಉಗುರು ಇಳಿದು ಚರ್ಮ ಕಿತ್ತುಬಂದಿತ್ತು, ಒಣಗಿದ ರಕ್ತ ಇನ್ನೂ ಕಪ್ಪಗಿತ್ತು.

"ಕಾರು ಉಳಿಸೋಕೆ ಯಾರಾದ್ರೂ ಹೀಗೆ ಹಿಡೀತಾರಾ?" ಎಂದಳು.

ಭಾನುವಾರ ನನ್ನನ್ನು ತಬ್ಬಿಕೊಂಡು ಅತ್ತಾಗ ಆ ತೋಳಿನಿಂದ ರಕ್ತ ಬರುತ್ತಿತ್ತು. ಸೋಮವಾರ ಅದೇ ತೋಳಿನಿಂದ ಚಪ್ಪಾಳೆ ತಟ್ಟಿದ್ದಳು.

"ಯಾರಿಗೂ ಯಾಕೆ ಹೇಳಲಿಲ್ಲ?"

"ಹೇಳಿ? ಈ ಊರಲ್ಲಿ ನನ್ನನ್ನ ಮಾತಾಡಿಸೋರು ಇರೋದೇ ನೀವೊಬ್ರು. ಬೈದಾದ್ರೂ ಮಾತಾಡ್ತೀರಿ." ತೋಳು ಇಳಿಸಿಕೊಂಡು ಬೀನ್ಸಿನ ಬುಟ್ಟಿಯನ್ನು ಮೇಜಿನ ನಡುವೆ ಸರಿಸಿದಳು. "ರೆಮಿ ಬರೋ ಹೊತ್ತಾಯ್ತು. ಉಪ್ಪು ಎಷ್ಟು ಹಾಕ್ಲಿ ಅಂತ ಹೇಳಿ, ನನ್ನದು ಯಾವಾಗಲೂ ಜಾಸ್ತಿ ಆಗುತ್ತೆ."

ಔಷಧಿ ತರಲು ಮನೆಗೆ ಹೋಗಿ ಬಂದೆ. ಅವಳು ಬೇಡ ಬೇಡ ಎಂದರೂ ಗಾಯ ತೊಳೆದು ಪಟ್ಟಿ ಕಟ್ಟಿದೆ. ಆಮೇಲೆ ಇಬ್ಬರೂ ಕೂತು ಬೀನ್ಸ್ ಬಿಡಿಸಿದೆವು. ಅಷಿಲ್ ಊಟಕ್ಕೆ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು, "ನೀನು ಇಲ್ಲೇನು ಮಾಡ್ತಿದೀಯಾ?" ಎಂದು ಕೇಳಿದರು. ನಿಮಗೂ ಒಂದು ತಟ್ಟೆ ತಗೊಳ್ಳಿ ಎಂದೆ.